ಎರಡು ಎಡ ರೆಕ್ಕೆಗಳು

ಥರ್ಕೆಲ್ ಮೇಷ್ಟ್ರು ನಾಲ್ಕು ಚಳಿಗಾಲ ಕೂತು ಕಟ್ಟಿದ ವಿಮಾನಕ್ಕೆ ಎರಡು ಎಡ ರೆಕ್ಕೆಗಳಿದ್ದವು. ಇದು ಮಾದರಿ ವಿಮಾನ ಕಟ್ಟಿ ಹಾರಿಸುವ ಕ್ಲಬ್ಬಿನ ನಮ್ಮೆಲ್ಲರಿಗೂ ಗೊತ್ತಿತ್ತು. ಅವರನ್ನು ಬಿಟ್ಟು ನಾವು ಹತ್ತೊಂಬತ್ತು ಮಂದಿ. ಹತ್ತೊಂಬತ್ತರಲ್ಲಿ ಒಬ್ಬರೂ ಅದನ್ನು ಅವರಿಗೆ ಹೇಳಿರಲಿಲ್ಲ.

ಎರಡು ಎಡ ರೆಕ್ಕೆ ಕಟ್ಟುವುದು ಕಷ್ಟವೇನಲ್ಲ. ಪೆಟ್ಟಿಗೆಯಲ್ಲಿ ಬಾಲ್ಸಾ ಮರದ ಪಟ್ಟಿ, ಕಡ್ಡಿಗಳ ಜೊತೆ ಒಂದು ದೊಡ್ಡ ನಕ್ಷೆ ಬರುತ್ತದೆ. ಅದನ್ನು ಹಲಗೆಯ ಮೇಲೆ ಹಾಸಿ, ಗೆರೆಗಳ ಮೇಲೆಯೇ ಕಡ್ಡಿಗಳನ್ನಿಟ್ಟು, ಗುಂಡುಸೂಜಿ ಚುಚ್ಚಿ ನಿಲ್ಲಿಸಿ ಅಂಟು ಹಾಕುವುದು. ಕಾಗದ ಉಳಿಸಲಿಕ್ಕೆ ಪೆಟ್ಟಿಗೆಯವರು ಎಡ ರೆಕ್ಕೆಯನ್ನು ಮಾತ್ರ ಅಚ್ಚು ಹಾಕಿರುತ್ತಾರೆ. ಎಡದ್ದು ಮುಗಿದ ಮೇಲೆ ನಕ್ಷೆಗೆ ಅಡುಗೆ ಎಣ್ಣೆ ಸವರಬೇಕು. ಗೆರೆಗಳು ಹಿಂಬದಿಗೂ ಕಾಣತೊಡಗಿದಾಗ ನಕ್ಷೆಯನ್ನು ಮಗುಚಿ, ಆ ಬದಿಯಲ್ಲಿ ಬಲ ರೆಕ್ಕೆ ಕಟ್ಟಬೇಕು. ಸೂಚನೆಯ ಹಾಳೆಯಲ್ಲಿ ಇದು ಏಳನೆಯ ಸಾಲು. ಥರ್ಕೆಲ್ ಮೇಷ್ಟ್ರು ಆ ಹಾಳೆಯನ್ನು ಅಂಟಿನ ಡಬ್ಬಿಯ ಕೆಳಗೆ ಹಾಸಿಕೊಂಡಿದ್ದರು.

ಅವರು ಮೂವತ್ತೊಂದು ವರ್ಷ ನಮ್ಮ ಊರಿನ ಶಾಲೆಯಲ್ಲಿ ಮರಗೆಲಸ ಕಲಿಸಿದವರು. ಕ್ಲಬ್ಬಿನ ಹದಿನಾಲ್ಕು ಮಂದಿ ಅವರ ಕೈಯಲ್ಲೇ ಉಳಿ ಹಿಡಿಯಲು ಕಲಿತವರು. ಕಸಾಯಿ ಅಂಗಡಿಯ ಲೆನ್ ಬ್ರಾಟ್ಲಿಗೆ ಈಗ ನಲವತ್ತೆಂಟು ವರ್ಷ, ಮೂರು ಅಂಗಡಿ, ಒಬ್ಬ ಮೊಮ್ಮಗ. ಆದರೂ ಮೇಷ್ಟ್ರು ಒಳಗೆ ಬಂದರೆ ಅವನ ಕೈ ತಾನಾಗಿಯೇ ಜೇಬಿನಿಂದ ಹೊರಗೆ ಬರುತ್ತದೆ. ನಿವೃತ್ತರಾದ ಮೇಲೆ ಮೇಷ್ಟ್ರು ನಮ್ಮ ಅಧ್ಯಕ್ಷರಾದರು. ಚುನಾವಣೆ ನಡೆಯಿತೆಂದು ದಾಖಲೆ ಹೇಳುತ್ತದೆ. ನನಗೆ ನೆನಪಿರುವುದು, ಅವರು ಬಂದು ಆ ಕುರ್ಚಿಯಲ್ಲಿ ಕೂತದ್ದು.

ನಾನು ಎನೊಕ್. ಬೀಜದ ಮಂಡಿಯಲ್ಲಿ ಗುಮಾಸ್ತ. ವಿಮಾನ ಹಾರಿಸುವುದು ನನಗೆ ಬರುವುದಿಲ್ಲ. ಮಂಗಳವಾರದ ಸಂಜೆಗಳಲ್ಲಿ ಮೆಥಡಿಸ್ಟ್ ಚಾಪೆಲ್ಲಿನ ಹಿಂದಿನ ಹಾಲಿನಲ್ಲಿ ಕ್ಲಬ್ ಸೇರಿದಾಗ ಚಹಾ ಮಾಡುವುದು ಹನ್ನೊಂದು ವರ್ಷಗಳಿಂದ ನನ್ನ ಪಾಲಿನ ಕೆಲಸ. ಅಜ್ಜಿ ಕೀರ್ತನೆಗಳನ್ನು ಬಾಯಿಪಾಠವಾಗಿ ಹೇಳುವಾಗ ಕಾಲ ಬಳಿ ಕೂತು ಕೇಳಿ ಬೆಳೆದವನು ನಾನು. ಹೇಳುವವರ ನಡುವೆ ಬಾಯಿ ಹಾಕಬಾರದು ಎಂಬುದು ನನ್ನ ಮೈಗೆ ಹತ್ತಿದೆ. ಅದನ್ನು ಒಂದು ಗುಣ ಎಂದೇ ತಿಳಿದಿದ್ದೆ.

ಮಾರ್ಚ್ ತಿಂಗಳಲ್ಲಿ ಮೇಷ್ಟ್ರು ವಿಮಾನವನ್ನು ಮೊದಲ ಸಲ ಹಾಲಿಗೆ ತಂದರು. ಹಳೆಯ ಮಂಚದ ಹೊದಿಕೆ ಸುತ್ತಿ, ಅವರೂ ಅವರ ಹೆಂಡತಿ ಹಿಲ್ಡಾ ಅವರೂ ಎರಡು ತುದಿ ಹಿಡಿದು ಮೇಜಿನ ಮೇಲಿಟ್ಟರು. ಹೊದಿಕೆ ತೆಗೆದಾಗ ಆರಡಿ ಅಗಲದ ಹಳದಿ ವಿಮಾನ ದೀಪದ ಕೆಳಗೆ ಮಿನುಗಿತು. ಎಡ ರೆಕ್ಕೆಯ ಬೆನ್ನು ಮೇಲಕ್ಕೆ ಉಬ್ಬಿತ್ತು, ಹೊಟ್ಟೆ ಚಪ್ಪಟೆ. ಬಲ ರೆಕ್ಕೆಯ ಬೆನ್ನು ಚಪ್ಪಟೆ, ಹೊಟ್ಟೆ ಕೆಳಕ್ಕೆ ಉಬ್ಬಿತ್ತು. ಮುಂಭಾಗ ಮುಂದೆಯೇ ಬರಲೆಂದು ಎರಡನೆಯ ಎಡ ರೆಕ್ಕೆಯನ್ನು ಅಂಗಾತ ಮಲಗಿಸಿ ಕೂಡಿಸಿದ್ದರು.

ಎಲ್ಲರೂ ಮೇಜಿನ ಸುತ್ತ ನೆರೆದರು.

"ಬಣ್ಣ ನೋಡಿ, ಬಣ್ಣ," ಎಂದ ಉಪಾಧ್ಯಕ್ಷ ರೆಜ್ ಕಟ್‌ಫರ್ತ್. ಅವನದು ಕಬ್ಬಿಣದ ಸಾಮಾನಿನ ಅಂಗಡಿ. ಆ ಬಣ್ಣ ಅವನ ಅಂಗಡಿಯದೇ. "ಗಾಜಿನ ಹಾಗೆ ಹೊಳೀತಿದೆ."

"ಬಾಲ ಎಷ್ಟು ನೆಟ್ಟಗಿದೆ," ಎಂದ ಇನ್ನೊಬ್ಬ.

"ಚಕ್ರ."

"ಹೌದಪ್ಪ, ಚಕ್ರ. ಎರಡೂ ಒಂದೇ ಅಳತೆ."

ಮೂಗಿನಿಂದ ಬಾಲದ ತನಕ, ಒಳಗೆ ಕೂತ ಗೊಂಬೆ ಪೈಲಟ್ಟಿನ ಮೀಸೆಯ ತನಕ ಎಲ್ಲವನ್ನೂ ಹೊಗಳಿದರು. ರೆಕ್ಕೆಗಳ ಹತ್ತಿರ ಬಂದಾಗ ಮಾತು ಸುತ್ತಿಕೊಂಡು ಆಚೆಗೆ ಹೋಗುತ್ತಿತ್ತು, ರಸ್ತೆಯಲ್ಲಿ ಮಲಗಿದ ನಾಯಿಯನ್ನು ಸೈಕಲ್ಲು ಸುತ್ತಿಕೊಂಡು ಹೋಗುವ ಹಾಗೆ.

ಲೆನ್ ಗಂಟಲು ಸರಿಮಾಡಿಕೊಂಡ. "ಸಾರ್, ಆ ಬಲಗಡೆ..."

ರೆಜ್ ಅವನ ಕಾಲು ತುಳಿದ.

"ಬಲಗಡೆ ಏನು, ಬ್ರಾಟ್ಲಿ?"

"ಬಲಗಡೆಯಿಂದ ನೋಡಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ, ಸಾರ್."

ಮೇಷ್ಟ್ರು ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಅವರ ಬಟ್ಟಲಿಗೆ ಚಹಾ ಬಗ್ಗಿಸಿದೆ. ಆ ವರ್ಷದ ಕಟ್ಟುಗಾರಿಕೆಯ ಬಹುಮಾನವಾದ ಬೆಳ್ಳಿ ಲೋಟವನ್ನು ಕ್ಲಬ್ ಸರ್ವಾನುಮತದಿಂದ ಅವರಿಗೆ ಕೊಟ್ಟಿತು.

ಅಲ್ಲಿಗೆ ಮುಗಿದಿದ್ದರೆ ತೊಂದರೆಯಿರಲಿಲ್ಲ. ಲೋಟ ಗೆದ್ದ ವಿಮಾನಗಳು ಸಾಮಾನ್ಯವಾಗಿ ಅಟ್ಟದಿಂದ ನೇತಾಡಿಕೊಂಡು ಸುಖವಾಗಿರುತ್ತವೆ. ಆದರೆ ಮೇಷ್ಟ್ರು ಎದ್ದುನಿಂತು, ಮೇ ತಿಂಗಳ ಕೊನೆಯ ಸೋಮವಾರ, ರಜೆಯ ದಿನ, ಊರಿನವರ ಮುಂದೆ ಇದು ಹಾರುತ್ತದೆ ಎಂದು ಸಾರಿದರು. ಹಾರಿಸುವವನು ಲೆನ್. ಮೊದಲ ಹಾರಾಟದಲ್ಲಿ ಕಟ್ಟಿದವನು, ವಿಮಾನವನ್ನು ನೆಲದಿಂದಲೇ ನಡೆಸುವ ತನ್ನ ರೇಡಿಯೋವನ್ನು ಕೈ ಪಳಗಿದವನಿಗೆ ಕೊಡುವುದು ನಮ್ಮಲ್ಲಿ ಪದ್ಧತಿ. ಕಟ್ಟಿದವನ ಕೈ ನಡುಗುತ್ತದೆ.

ಮೇಷ್ಟ್ರ ಕೈ ಸುಮ್ಮನಿದ್ದಾಗಲೂ ನಡುಗುತ್ತಿತ್ತು. ಬೆರಳಿನ ಗೆಣ್ಣುಗಳು ಊದಿಕೊಂಡು ಎರಡು ವರ್ಷವಾಗಿತ್ತು. ಇನ್ನೊಂದು ಇಂಥದನ್ನು ಅವರು ಕಟ್ಟಲಾರರು, ಅದೂ ನಮಗೆಲ್ಲ ಗೊತ್ತಿತ್ತು. ಒಂದು ರೆಕ್ಕೆ ಮೇಲಕ್ಕೆತ್ತಿ ಇನ್ನೊಂದು ಕೆಳಕ್ಕೆ ತಳ್ಳುವ ವಿಮಾನ ನೆಲ ಬಿಟ್ಟ ಕ್ಷಣವೇ ಮಗುಚಿ ಬೀಳುತ್ತದೆ. ಒಬ್ಬರು ಒಂದು ಮಾತು ಹೇಳದಿದ್ದರೆ ನಾಲ್ಕು ಚಳಿಗಾಲ ನಾಲ್ಕು ಸೆಕೆಂಡಿನಲ್ಲಿ ಪುಡಿಯಾಗುತ್ತಿತ್ತು.

ಮೇಷ್ಟ್ರು ಮನೆಗೆ ಹೋದ ಮೇಲೆ ಸಮಿತಿ ಸಭೆ ಸೇರಿತು.

"ಯಾರಾದರೂ ಹೇಳಬೇಕು," ಎಂದ ಲೆನ್.

"ಖಂಡಿತ ಹೇಳಬೇಕು," ಎಂದ ರೆಜ್. "ನೀನೇ ಹೇಳು. ಹಾರಿಸೋನು ನೀನು."

"ನೀನು ಉಪಾಧ್ಯಕ್ಷ ಕಣೋ."

"ಅದಕ್ಕೇ ನಾನು ಹೇಳಬಾರದು. ಕುರ್ಚಿ ಮೇಲೆ ಕಣ್ಣು ಅಂದ್ಕೊಳ್ತಾರೆ."

"ಐದನೇ ಕ್ಲಾಸಲ್ಲಿ ನಾನು ಮಾಡಿದ ಸ್ಟೂಲನ್ನ ಎಲ್ಲರ ಮುಂದೆ ಎತ್ತಿ ಹಿಡಿದು, 'ಇದು ಸ್ಟೂಲೋ, ಸತ್ತ ಹಸುವೋ' ಅಂತ ಕೇಳಿದ್ರು. ನಾನು ಹೋಗಿ ಅವರಿಗೆ ರೆಕ್ಕೆ ಬಗ್ಗೆ ಹೇಳ್ಲಾ?"

ಕೊನೆಗೆ, ಆ ದಿನ ಗಾಳಿ ಜಾಸ್ತಿ, ಹಾರಿಸಲಾಗದು ಎಂದು ಹೇಳುವುದೆಂದು ತೀರ್ಮಾನವಾಯಿತು. ನಮ್ಮ ಲಿಂಕನ್‌ಶೈರಿನಲ್ಲಿ ಗಾಳಿಗೆ ಕೊರತೆಯಿಲ್ಲ. ಸಮುದ್ರದಿಂದ ಎದ್ದದ್ದು ನಡುವೆ ಒಂದು ಗುಡ್ಡವನ್ನೂ ಕಾಣದೆ ನೇರವಾಗಿ ನಮ್ಮ ಹಾರುವ ಬಯಲಿಗೇ ಬರುತ್ತದೆ. ಆ ಬಯಲು ಯುದ್ಧಕಾಲದ ಹಳೆಯ ರನ್‌ವೇ. ಈಗ ಕಾಂಕ್ರೀಟಿನ ಬಿರುಕುಗಳಲ್ಲಿ ಹುಲ್ಲು ಬೆಳೆದಿದೆ.

ಆ ಸೋಮವಾರ ಮಾತ್ರ ಒಂದು ಹುಲ್ಲೂ ಅಲುಗಲಿಲ್ಲ. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಕಂಬಕ್ಕೆ ಹಾಕಿದ ಹಳೆಯ ಕಾಲುಚೀಲದ ಹಾಗೆ ಜೋತುಬಿದ್ದಿತ್ತು. ಊರಿನವರು ಮಡಚುವ ಕುರ್ಚಿ, ಹಂದಿಮಾಂಸದ ಪೈ, ಫ್ಲಾಸ್ಕು ಹಿಡಿದುಕೊಂಡು ಬಂದರು. ಹಿಲ್ಡಾ ಅವರು ಹೆಣಿಗೆ ತಂದಿದ್ದರು.

ಇಲ್ಲಿ ಕ್ಲಿಪ್ಪಿನ ವಿಷಯ ಹೇಳಬೇಕು. ಬಯಲಿನ ಗೇಟಿನ ಬಳಿ ಒಂದು ಹಲಗೆಯಿದೆ. ಅದಕ್ಕೆ ಆರು ಬಣ್ಣದ, ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳು. ನಮ್ಮ ರೇಡಿಯೋಗಳೂ ಆರು ಬಣ್ಣದ ಲೆಕ್ಕದವು; ಬಣ್ಣಕ್ಕೊಂದು ತರಂಗ, ಅದನ್ನು ಗೊತ್ತುಮಾಡುವುದು ಒಳಗಿನ ಒಂದು ಪುಟ್ಟ ಹರಳು. ಒಂದೇ ಬಣ್ಣದ ಎರಡು ರೇಡಿಯೋಗಳನ್ನು ಒಟ್ಟಿಗೆ ಹಚ್ಚಿದರೆ ಆಕಾಶದಲ್ಲಿರುವ ವಿಮಾನಕ್ಕೆ ಯಾರ ಮಾತು ಕೇಳಬೇಕೋ ತಿಳಿಯದೆ ಬೀಳುತ್ತದೆ. ಹಾಗಾಗಿ ನಿಮ್ಮ ಬಣ್ಣದ ಕ್ಲಿಪ್ಪು ನಿಮ್ಮ ಕೋಟಿನ ಮೇಲೆ ಇಲ್ಲದಿದ್ದರೆ ರೇಡಿಯೋ ಹಚ್ಚುವಂತಿಲ್ಲ. ಚಂದಾ ಕೊಡದವರಿದ್ದಾರೆ, ಸಭೆಗೆ ಬಾರದವರಿದ್ದಾರೆ, ಕ್ಲಿಪ್ಪಿಲ್ಲದೆ ರೇಡಿಯೋ ಹಚ್ಚಿದವನು ಮಾತ್ರ ನಮ್ಮಲ್ಲಿ ಹುಟ್ಟಿಲ್ಲ.

ಮೇಷ್ಟ್ರದು ಕಿತ್ತಳೆ ಬಣ್ಣ. ಅವರು ಹತ್ತು ಗಂಟೆಗೆ ಹಲಗೆಯ ಬಳಿ ಹೋದಾಗ ಕಿತ್ತಳೆ ಕ್ಲಿಪ್ಪು ಇರಲಿಲ್ಲ. ಅದು ರೆಜ್‌ನ ಕೋಟಿನ ಮೇಲಿತ್ತು.

"ನಿನ್ನದು ನೀಲಿ ಅಲ್ಲವೇ, ಕಟ್‌ಫರ್ತ್?"

"ಹರಳು ಬದಲಾಯಿಸಿದೆ, ಸಾರ್. ಇವತ್ತೇ ಬೆಳಿಗ್ಗೆ. ಕಿತ್ತಳೆ ಒಳ್ಳೇದು ಅಂತ ಯಾರೋ ಹೇಳಿದ್ರು."

ರೆಜ್ ಮುಕ್ಕಾಲು ಗಂಟೆ ಹಾರಿಸಿದ. ಅವನು ಇಳಿಸಿದೊಡನೆ ಕ್ಲಿಪ್ಪು ಅಂಚೆಯ ಹ್ಯಾರಿಯ ಕೈಗೆ ಹೋಯಿತು. ಅವನದು ಮೂಲತಃ ಹಸಿರು. ಹ್ಯಾರಿಯಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ. ಹನ್ನೆರಡು ಗಂಟೆಯ ಹೊತ್ತಿಗೆ ಕ್ಲಬ್ಬಿಗೆ ಕ್ಲಬ್ಬೇ ಕಿತ್ತಳೆಯಾಗಿತ್ತು. ಇಂಧನ ಮುಗಿದವರು ವಿಮಾನವನ್ನು ನೆಲದ ಮೇಲೆಯೇ ಇಟ್ಟು, ಬಾಲವನ್ನು ಆ ಕಡೆ ಈ ಕಡೆ ಆಡಿಸುತ್ತಾ "ಪರೀಕ್ಷೆ ಮಾಡ್ತಿದೀನಿ, ಸಾರ್" ಎಂದರು. ಇಷ್ಟು ಒಗ್ಗಟ್ಟಿನಿಂದ ನಮ್ಮ ಕ್ಲಬ್ ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ಕಂಡಿಲ್ಲ. ಮೇಷ್ಟ್ರು ವಿಮಾನದ ಪಕ್ಕದಲ್ಲಿ ಟೈ ಕಟ್ಟಿಕೊಂಡು ನಿಂತೇ ಇದ್ದರು. ಯಾರಿಗೂ ಅವಸರ ಮಾಡಲಿಲ್ಲ.

ಮೂರು ಗಂಟೆಗೆ ಕೊನೆಯವನ ಬ್ಯಾಟರಿ ಸತ್ತಿತು. ಅವನು ಕ್ಲಿಪ್ಪು ತೆಗೆದು ಸುತ್ತಲೂ ನೋಡಿದ. ಕಿತ್ತಳೆ ರೇಡಿಯೋ ಇದ್ದವರೆಲ್ಲರ ಸರದಿ ಮುಗಿದಿತ್ತು. ಚಹಾದ ಮೇಜಿನ ಹಿಂದೆ ನಾನಿದ್ದೆ. ಅವನು ಅದನ್ನು ನನ್ನ ಏಪ್ರನ್ನಿಗೆ ಸಿಕ್ಕಿಸಿ ಹೊರಟುಹೋದ.

ಮೇಷ್ಟ್ರು ನಿಧಾನವಾಗಿ ನನ್ನ ಹತ್ತಿರ ಬಂದರು. ಹಿಂದೆ ಲೆನ್ ಬಿಳಚಿಕೊಂಡು ನಿಂತಿದ್ದ.

"ನಿಮ್ಮ ರೇಡಿಯೋ ಎಲ್ಲಿ, ಎನೊಕ್?"

"ಇಲ್ಲ, ಸಾರ್."

"ವಿಮಾನ?"

"ಅದೂ ಇಲ್ಲ."

"ಹಾಗಾದರೆ ಕ್ಲಿಪ್ಪು ಕೊಡಿ." ಅವರು ಕೈ ಚಾಚಿದರು. ಊದಿದ ಗೆಣ್ಣುಗಳ ಮೇಲೆ ಹಳದಿ ಬಣ್ಣ ಇನ್ನೂ ಪೂರಾ ಹೋಗಿರಲಿಲ್ಲ.

ಕ್ಲಿಪ್ಪಿನ ಮೇಲೆ ನನ್ನ ಕೈಯಿತ್ತು. ಕೊಟ್ಟರೆ ಲೆನ್ ಹಾರಿಸಬೇಕು. ಹನ್ನೊಂದು ವರ್ಷ ಆ ಹಾಲಿನಲ್ಲಿ ಸಕ್ಕರೆ ಎಷ್ಟು ಎಂಬುದರಾಚೆ ನಾನು ಆಡಿದ ಮಾತು ನೆನಪಿಲ್ಲ.

"ಬಲ ರೆಕ್ಕೆ ತಲೆಕೆಳಗಾಗಿದೆ, ಸಾರ್," ಎಂದೆ. "ಅದೂ ಎಡದ್ದೇ."

ಮೇಷ್ಟ್ರಿಗಿಂತ ಮೊದಲು ರೆಜ್ ಮಾತಾಡಿದ. "ಇವನಿಗೇನು ಗೊತ್ತು, ಸಾರ್, ಚಹಾ ಮಾಡೋನು. ಅದು ವಿನ್ಯಾಸ. ಹೊಸ ಥರದ್ದು."

"ಜರ್ಮನ್ನರದ್ದು," ಎಂದ ಅಂಚೆಯ ಹ್ಯಾರಿ.

ಮೇಷ್ಟ್ರು ಕೈ ಎತ್ತಿದರು. ಹದಿನಾಲ್ಕು ಮಂದಿ ಬಾಯಿ ಮುಚ್ಚಿದರು. ಉಳಿದವರು ಅವರನ್ನು ನೋಡಿ ಮುಚ್ಚಿದರು.

"ಯಾವಾಗ ಗೊತ್ತಾಯಿತು, ಎನೊಕ್?"

"ಮಾರ್ಚಿನಲ್ಲಿ. ಹೊದಿಕೆ ತೆಗೆದಾಗ."

"ಬ್ರಾಟ್ಲಿ?"

"ಆವಾಗಲೇ, ಸಾರ್."

"ಕಟ್‌ಫರ್ತ್?"

ರೆಜ್ ಗಾಳಿಚೀಲದ ಕಡೆ ನೋಡಿದ. ಅದು ಸಹಾಯಕ್ಕೆ ಬರಲಿಲ್ಲ.

"ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತು," ಎಂದರು ಮೇಷ್ಟ್ರು. ಅವರ ದನಿ ತರಗತಿಯ ದನಿಯಾಗಿರಲಿಲ್ಲ. "ಎರಡನ್ನೂ ಕೂಡಿಸಿ ಅಂಟು ಒಣಗಿದ ಮೇಲೆ. ಆಗಲೇ ಬಿಚ್ಚಬಹುದಿತ್ತು. ಆದರೆ ನೋಡೋಣ ಅಂದುಕೊಂಡೆ. ಮೂವತ್ತೊಂದು ವರ್ಷ ಕಲಿಸಿದ್ದೀನಿ. ಒಬ್ಬನಾದರೂ ಬಂದು, ನೀವು ತಪ್ಪು ಮಾಡಿದ್ದೀರಿ ಅಂತ ಮುಖಕ್ಕೆ ಹೇಳುತ್ತಾನೇನೋ ಅಂತ ಮೂರು ತಿಂಗಳು ಕಾದೆ."

ನಾವೆಲ್ಲ ತಲೆ ತಗ್ಗಿಸಿದೆವು. ಲೆನ್‌ನ ಕಣ್ಣಲ್ಲಿ ನೀರಿತ್ತು.

"ನಾನು ಹೇಳಿದೆನಲ್ಲ," ಎಂದರು ಹಿಲ್ಡಾ ಅವರು, ಹೆಣಿಗೆಯಿಂದ ಕಣ್ಣೆತ್ತದೆ.

"ಹಿಲ್ಡಾ, ಈಗ ಬೇಡ."

"ಫೆಬ್ರವರಿಯಲ್ಲಿ ಕಸ ಗುಡಿಸೋಕೆ ಬಂದಾಗ ಹೇಳಿದೆ. ಇದೇನ್ರೀ, ಒಂದು ಹೀಗೆ, ಒಂದು ಹಾಗೆ ಅಂತ. ಅದಕ್ಕೆ ಮೂರು ವಾರ ನನ್ನ ಹತ್ತಿರ ಮಾತು ಬಿಟ್ಟರು. ಉಪ್ಪು ಬೇಕಾದ್ರೂ ಚೀಟಿ ಬರೆದು ಮೇಜಿನ ಮೇಲೆ ಇಡ್ತಿದ್ರು." ಅವರು ಒಂದು ಸಾಲು ಮುಗಿಸಿ ಕಡ್ಡಿ ತಿರುಗಿಸಿದರು. "ಚೀಟಿಗಳೆಲ್ಲ ಇನ್ನೂ ಇಟ್ಟಿದ್ದೀನಿ."

ಮೊದಲು ನಕ್ಕವನು ಲೆನ್. ನಕ್ಕ ಮೇಲೆ ಹೆದರಿ, ಕೈಯನ್ನು ಜೇಬಿನಿಂದ ತೆಗೆದ. ಮೇಷ್ಟ್ರ ಕಿವಿಗಳು ಕಿತ್ತಳೆ ಕ್ಲಿಪ್ಪಿನ ಬಣ್ಣಕ್ಕೆ ತಿರುಗಿದವು. ಅವರು ವಿಮಾನದ ಒಂದು ತುದಿಗೆ ಕೈಹಾಕಿ, "ಬ್ರಾಟ್ಲಿ, ಆ ತುದಿ ಹಿಡಿ. ಮನೆಗೆ ಒಯ್ಯೋಣ," ಎಂದರು.

ಮುಂದಿನ ಮಂಗಳವಾರ ಅವರು ನಕ್ಷೆಯನ್ನು ಹಾಲಿಗೆ ತಂದು ಮೇಜಿನ ಮೇಲೆ ಹಾಸಿದರು. ಅದರ ಒಂದು ಮೂಲೆಯಲ್ಲಿ ಅಂಟಿನ ಡಬ್ಬಿಯ ದುಂಡು ಗುರುತು ಹತ್ತಿದ್ದ ಸೂಚನೆಯ ಹಾಳೆಯೂ ಇತ್ತು. ಹಿಲ್ಡಾ ಅವರು ಅಡುಗೆ ಎಣ್ಣೆಯ ಸೀಸೆ ಕೊಟ್ಟರು. ಮೇಷ್ಟ್ರು ಎಲ್ಲರ ಮುಂದೆ ಏಳನೆಯ ಸಾಲನ್ನು ಜೋರಾಗಿ ಓದಿ, ನಕ್ಷೆಗೆ ಎಣ್ಣೆ ಸವರಿ ಮಗುಚಿದರು. ಗೆರೆಗಳು ಹಿಂಬದಿಯಲ್ಲಿ ಒಂದೊಂದಾಗಿ ಮೂಡಿದವು. ಮೇಷ್ಟ್ರ ಬೆರಳು ಓಡದ ಕಡೆ ಲೆನ್ ಕತ್ತರಿಸಿದ. ರೆಕ್ಕೆಗೆ ಆಕಾರ ಕೊಡುವ ಹದಿಮೂರು ಪಕ್ಕೆಲುಬುಗಳಲ್ಲಿ ಐದು ಆ ಸಂಜೆಯೇ ನಿಂತವು.

"ಮೂರನೆಯದು ವಾರೆ ಇದೆ, ಸಾರ್," ಎಂದ ರೆಜ್. ಹೇಳಿ ಒಂದು ಹೆಜ್ಜೆ ಹಿಂದೆ ಸರಿದ.

ಮೇಷ್ಟ್ರು ಬಗ್ಗಿ ನೋಡಿ, ಸೂಜಿ ಕಿತ್ತು ಸರಿಮಾಡಿದರು. "ಇನ್ನು ಮೇಲೆ ಕ್ಲಬ್ಬಿನಲ್ಲಿ ಯಾರಿಗೆ ಏನು ತಪ್ಪು ಕಂಡರೂ ಹೇಳಿಬಿಡಬೇಕು. ಅದನ್ನು ದಾಖಲೆಯಲ್ಲಿ ಬರೆಯಿರಿ. ದಾರಿ ತೋರಿಸಿದವರು ಎನೊಕ್."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಾಚಿಕೊಂಡು, ತಟ್ಟೆ ಎತ್ತಿಕೊಂಡು ಚಹಾ ಹಂಚಲು ಹೊರಟೆ. ಮನಸ್ಸು ಕೀರ್ತನೆ ಹೇಳಿ ಮುಗಿಸಿದಷ್ಟು ಹಗುರವಾಗಿತ್ತು.

ಲೆನ್ ಬಟ್ಟಲು ತೆಗೆದುಕೊಂಡು ಒಂದು ಗುಟುಕು ಕುಡಿದ. "ಹಾಗಾದ್ರೆ ಈಗಲೇ ಹೇಳಿಬಿಡ್ತೀನಿ, ಎನೊಕ್. ಬೇಜಾರು ಮಾಡ್ಕೋಬೇಡ. ನಿನ್ನ ಚಹಾ ಇದೆಯಲ್ಲ, ಪಾತ್ರೆ ತೊಳೆದ ನೀರು ಇದ್ದ ಹಾಗಿರುತ್ತೆ."

ನಾನು ಸುತ್ತಲೂ ನೋಡಿದೆ. ಯಾರಾದರೂ ಅವನ ಕಾಲು ತುಳಿಯುತ್ತಾರೇನೋ ಎಂದು ಕಾದೆ.

"ಯಾವಾಗಿನಿಂದ?" ಎಂದು ಕೇಳಿದೆ.

"ಮೊದಲಿನಿಂದಲೂ," ಎಂದರು ಥರ್ಕೆಲ್ ಮೇಷ್ಟ್ರು, ಸೂಜಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡೇ. ಅಂಚೆಯ ಹ್ಯಾರಿ ತಲೆಯಾಡಿಸಿದ. ಹನ್ನೊಂದು ವರ್ಷದಿಂದ ತನ್ನ ಬಟ್ಟಲಿನ ಚಹಾವನ್ನು ಕಿಟಕಿಯ ಜೆರೇನಿಯಂ ಗಿಡಕ್ಕೆ ಹಾಕುತ್ತಿದ್ದೇನೆ ಎಂದ ರೆಜ್, ಗಿಡ ಹೇಗೆ ಬೆಳೆದಿದೆ ನೋಡು ಎಂದು ತೋರಿಸಿಯೂ ಕೊಟ್ಟ.

ಬಲ ರೆಕ್ಕೆ ಈಗ ಒಂಬತ್ತನೆಯ ಪಕ್ಕೆಲುಬಿಗೆ ಬಂದಿದೆ. ಲೆನ್ ಜೊತೆ ನಾನು ಮಾತು ಬಿಟ್ಟು ಇದು ಎರಡನೆಯ ವಾರ. ಸಕ್ಕರೆ ಎಷ್ಟು ಎಂದು ಚೀಟಿ ಬರೆದು ಕೇಳುತ್ತೇನೆ.