ನಡುಮನೆಯ ಗೋಡೆಗೊಂದು ವಾಕ್ಯ

ಕಿರ್ಗಿಜರ ನಾಡಿನ ಆ ಊರಿನ ಜರ್ಮನರ ಮನೆಗಳಲ್ಲಿ ದೇವರ ಚಿತ್ರ ಇರುವುದಿಲ್ಲ. ಏಸುವಿನ ಮುಖವನ್ನು ಕಂಡವರು ಯಾರು, ಕಾಣದ ಮುಖವನ್ನು ಬರೆದರೆ ಅದು ಬರೆದವನ ಚಿಕ್ಕಪ್ಪನ ಮುಖವೇ ಆದೀತು ಎಂದು ಸಭೆಯ ಹಿರಿಯರ ವಾದ. ಅವರ ಗೋಡೆ ಏರುವುದು ಧರ್ಮಗ್ರಂಥದ ವಾಕ್ಯ ಮಾತ್ರ. ಅದೂ ನಡುಮನೆಯಲ್ಲಿ, ಬಾಗಿಲು ತೆರೆದವರ ಕಣ್ಣಿಗೆ ಮೊದಲು ಬೀಳುವ ಗೋಡೆಯ ಮೇಲೆ. ಅಂಥ ವಾಕ್ಯವನ್ನು ಗಾಜಿನ ಮೇಲೆ ಬರೆಯುವುದರಲ್ಲಿ ನೇಟಾ ವಾರ್ಕೆಂಟಿನಳನ್ನು ಮೀರಿಸುವವರು ಇಡೀ ಚೂಯ್ ಕಣಿವೆಯಲ್ಲಿ ಇರಲಿಲ್ಲ. ಮೀರಿಸುವವರೆಲ್ಲ ಜರ್ಮನಿಗೆ ಹೋಗಿಬಿಟ್ಟರು ಎಂದು ಕೊಂಕು ತೆಗೆಯುವವರೂ ಇದ್ದರು. ಅದು ಹೊಟ್ಟೆಕಿಚ್ಚಿನ ಮಾತು, ನಂಬಬೇಡಿ.

ನೇಟಾ ಗಾಜನ್ನು ಮಗುಚಿ ಹಾಕಿಕೊಂಡು ಅಕ್ಷರಗಳನ್ನು ತಿರುಗುಮುರುಗಾಗಿ ಗೀಚುವಳು. ಅಕ್ಷರದ ಹೊಟ್ಟೆಯನ್ನು ಖಾಲಿ ಬಿಟ್ಟು ಸುತ್ತಲೂ ಕರಿ ಬಣ್ಣ ತುಂಬುವಳು. ಆಮೇಲೆ ಚಾಕೊಲೇಟಿನ ಬೆಳ್ಳಿ ಕಾಗದವನ್ನು ಮುದುರಿ, ಮತ್ತೆ ಬಿಡಿಸಿ, ಉಗುರಿನಿಂದ ನೀವಿ ಹಿಂದೆ ಇಡುವಳು. ಗಾಜನ್ನು ಎತ್ತಿ ನಿಲ್ಲಿಸಿದರೆ ಕಪ್ಪಿನ ನಡುವೆ ಅಕ್ಷರಗಳು ಥಳಥಳ ಹೊಳೆಯುತ್ತಿದ್ದವು. ಮನೆಯಲ್ಲಿ ಪ್ರಾರ್ಥನೆಗೆ ಕೂತವರನ್ನು ಸರಕಾರದವರು ಹಿಡಿದೊಯ್ಯುತ್ತಿದ್ದ ಕಾಲದಲ್ಲಿ ಅವಳು ಕಲಿತ ವಿದ್ಯೆ ಅದು. ಆಗ ಗೋಡೆಗೆ ಜಮಖಾನ ತೂಗುಬಿಟ್ಟು, ಅದರ ಹಿಂದೆ ವಾಕ್ಯವನ್ನು ಹಾಕುತ್ತಿದ್ದರು. ಭಾನುವಾರ ಮಾತ್ರ ಜಮಖಾನ ಸರಿಸಿ ನೋಡುತ್ತಿದ್ದರು. ಹೆದರಿಕೆಯ ನಡುವೆಯೂ ಅಕ್ಷರದ ಬಾಲ ಸೊಟ್ಟಗಾಗದಂತೆ ಬರೆದ ಕೈ ಅದು. ಅಂಥ ಕೈಗೆ ಯಾರಾದರೂ ನಮಸ್ಕಾರ ಮಾಡಲೇಬೇಕು.

ಆದರೆ ಹೆಂಗಸು ಹಟಮಾರಿ. ಮದುವೆಯ ದಿನವೇ ಸೊಸೆಗೆ ವಾಕ್ಯ ಕೊಡುತ್ತಿರಲಿಲ್ಲ. ಮೊದಲು ಸೊಸೆಯನ್ನು ನೋಡಬೇಕು, ಆಮೇಲೆ ಅವಳಿಗೆ ಹೊಂದುವ ವಾಕ್ಯವನ್ನು ಆರಿಸಬೇಕು. ದೊಡ್ಡ ಸೊಸೆ ಟೀನಾಳನ್ನು ಒಂದು ವರ್ಷ ನೋಡಿ, ‘ದೇವರೇ, ನನ್ನ ಬಾಯಿಗೊಂದು ಕಾವಲು ಹಾಕು’ ಎಂಬರ್ಥದ ವಾಕ್ಯ ಬರೆದು ಕೊಟ್ಟಿದ್ದಳು. ಊರಿಗೆ ಊರೇ ನಕ್ಕಿತು. ಟೀನಾ ಅದನ್ನು ನಡುಮನೆಯಲ್ಲೇ ಹಾಕಿದಳು, ಬೇರೆ ದಾರಿ ಏನಿತ್ತು? ನೇಟಾ ಕೊಟ್ಟ ವಾಕ್ಯವನ್ನು ಹಿಂದಿರುಗಿಸಿದವರು ಯಾರೂ ಇಲ್ಲ.

ಕಿರಿಯ ಸೊಸೆ ಜಿಪಾರಳ ಗೋಡೆ ಮಾತ್ರ ಮೂರು ವರ್ಷ ಬರಿದಾಗಿಯೇ ಇತ್ತು. ಅವಳು ಮುಸಲ್ಮಾನ ಕಿರ್ಗಿಜರ ಹುಡುಗಿ, ಬೆಟ್ಟದಾಚೆ ಕೊಚ್ಕೋರಿನವಳು. ಟೋಕ್ಮೋಕ್ ಪಟ್ಟಣದ ಬೇಕರಿಯಲ್ಲಿ ಕೆಲಸಕ್ಕಿದ್ದಾಗ ನೇಟಾಳ ಮಗ ಯಾಶ್‌ನ ಕೈಹಿಡಿದಳು. ಮದುವೆಯ ಬೆನ್ನಲ್ಲೇ ಅವನ ಸಭೆಗೂ ಸೇರಿದಳು. ಅಂದಿನಿಂದ ತಾಯಿ ಬಾತ್ಮಾ ತವರಿನ ಬಾಗಿಲು ಹಾಕಿದ್ದಳು.

ಕಿರ್ಗಿಜರಲ್ಲಿ ಹಾಗೆ ಹೊರಟುಹೋದ ಮಗಳು ತಾನಾಗಿ ತವರಿನ ಹೊಸಿಲು ತುಳಿಯುವಂತಿಲ್ಲ. ಗಂಡನ ಕಡೆಯ ಹಿರಿಯರು ಮೊದಲು ಹೋಗಿ, ತಲೆಬಾಗಿ, ಹೆಣ್ಣು ಹೆತ್ತವರ ಸಿಟ್ಟು ಇಳಿಸಬೇಕು. ಆಮೇಲೆ ತವರಿನವರು ಕರೆಯಬೇಕು. ಇದನ್ನು ಅತ್ತೆಗೆ ಹೇಳಲು ಜಿಪಾರಳಿಗೆ ನಾಲಿಗೆ ಏಳಲಿಲ್ಲ. ಅಷ್ಟು ವಯಸ್ಸಾದವಳಿಗೆ ನನಗಾಗಿ ಹೋಗಿ ತಲೆಬಾಗು ಎನ್ನುವುದು ಹೇಗೆ? ನೇಟಾಳೋ, ‘ಅವರೇ ಬಾಗಿಲು ಹಾಕಿದಾರೆ, ನಾನು ಹೋದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ’ ಎಂದುಕೊಂಡು ಸುಮ್ಮನಿದ್ದಳು. ಬಾತ್ಮಾಳೋ, ‘ನನ್ನ ಮಗಳನ್ನು ಕರಕೊಂಡು ಹೋದವರಿಗೆ ಬಂದು ಒಂದು ಮಾತು ಆಡುವಷ್ಟೂ ಮರ್ಯಾದೆ ಇಲ್ಲ’ ಎಂದು ಕುದಿಯುತ್ತಿದ್ದಳು. ನಡುವೆ ಸಿಕ್ಕಿಕೊಂಡ ಜಿಪಾರ್ ಮದುವೆಗಳಲ್ಲಿ ಬೇರೆಯವರ ತಾಯಂದಿರನ್ನು ನೋಡಿ ಹಿತ್ತಲಿಗೆ ಹೋಗಿ ಅತ್ತು ಬರುತ್ತಿದ್ದಳು.

ಹೀಗಿರುವಾಗ ಒಂದು ದಿನ ಅವಳ ತಮ್ಮ ಫೋನು ಮಾಡಿದ. ಅವನ ಮದುವೆ ಗೊತ್ತಾಗಿತ್ತು.

“ಅಕ್ಕಾ, ಅಪಾ ನಿನ್ನ ಮನೆಗೆ ಬರ್ತಾಳಂತೆ. ಗುರುವಾರ. ‘ಅವಳ ಮನೆ ಹೇಗಿದೆ ನೋಡ್ತೀನಿ, ಆಮೇಲೆ ಮದುವೆಗೆ ಕರೆಯೋದೋ ಬೇಡವೋ ಹೇಳ್ತೀನಿ’ ಅಂತಿದಾಳೆ. ಹುಷಾರು ಮಾರಾಯ್ತಿ, ಈ ಸಲ ತಪ್ಪಿದ್ರೆ ಮತ್ತೆ ಈ ಬಾಗಿಲು ತೆಗೆಯಲ್ಲ.”

ಅಪಾ ಎಂದರೆ ತಾಯಿ. ಫೋನು ಇಟ್ಟ ಜಿಪಾರಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪರದೆ ಒಗೆದಳು, ಕಿಟಕಿ ಉಜ್ಜಿದಳು, ಯಾಶ್‌ನಿಂದ ಗೋಡೆಗೆ ಸುಣ್ಣ ಹೊಡೆಸಿದಳು. ಬುಧವಾರ ಬೆಳಿಗ್ಗೆ ನೇಟಾ ಕಂಬಳಿಯಲ್ಲಿ ಸುತ್ತಿದ ಏನನ್ನೋ ಮಗುವಿನ ಹಾಗೆ ಎತ್ತಿಕೊಂಡು ಬಂದಳು.

“ತಗೋ. ತಡವಾಯ್ತು ಅಂತ ಬೇಜಾರು ಮಾಡ್ಕೋಬೇಡ. ನಿಂಗೆ ಹೊಂದೋ ವಾಕ್ಯಕ್ಕೆ ಕೈ ಪಳಗಬೇಕಿತ್ತು.”

ಜಿಪಾರ್ ಕಂಬಳಿ ಬಿಚ್ಚಿದಳು. ಇಷ್ಟು ಚೆಂದದ ಗಾಜನ್ನು ನೇಟಾ ಯಾರಿಗೂ ಬರೆದಿರಲಿಲ್ಲ. ಅಂಚಿಗೆ ಗೋಧಿ ತೆನೆಯ ಬಳ್ಳಿ, ಒಂದೊಂದು ಕಾಳೂ ಬೇರೆಬೇರೆಯಾಗಿ ಹೊಳೆಯುತ್ತಿತ್ತು. ಸಂತೋಷಕ್ಕೆ ಅವಳ ಕಣ್ಣು ತುಂಬಿತು. ಆಮೇಲೆ ಅಕ್ಷರ ಕೂಡಿಸಿ ಓದಿದಳು.

ಗ್ರಂಥದಲ್ಲಿ, ಬೇರೆ ಜನಾಂಗದಿಂದ ಬಂದ ಒಬ್ಬ ವಿಧವೆ ಸೊಸೆ ತನ್ನ ಅತ್ತೆಯನ್ನು ಬಿಟ್ಟುಹೋಗಲಾರದೆ ಆಡಿದ ಮಾತು ಅದು. ನೀನಿದ್ದಲ್ಲೇ ನಾನಿರುವೆ, ಇನ್ನು ನಿನ್ನವರೇ ನನ್ನವರು, ನಿನ್ನ ದೇವರೇ ನನ್ನ ದೇವರು.

“ಇದನ್ನ ಯಾರಿಗೂ ಕೊಟ್ಟಿಲ್ಲ,” ಎಂದಳು ನೇಟಾ. “ಕೊಡೋ ಅಂಥವಳು ಬಂದಿರ್ಲಿಲ್ಲ.”

ಇದಕ್ಕಿಂತ ದೊಡ್ಡ ಮೆಚ್ಚುಗೆ ಆ ಊರಿನಲ್ಲಿ ಇರಲಿಲ್ಲ. ಇದನ್ನೇ ನಾಳೆ ತಾಯಿಯ ಮುಂದೆ ಓದಿದರೆ ಅದಕ್ಕಿಂತ ದೊಡ್ಡ ಕೆನ್ನೆಯೇಟೂ ಇರಲಿಲ್ಲ. ಜಿಪಾರಳ ಪಾಲಿಗೆ ಅದು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

“ಮಮ್ಮೆ, ಮುಂದಿನ ವಾರ ಹಾಕೋಣ್ವಾ?” ಎಂದು ಅತ್ತೆಯನ್ನು ಕೇಳಿದಳು.

“ಯಾಕೆ, ಸುಣ್ಣ ಒಣಗಿಲ್ವಾ?”

“ಒಣಗಿದೆ. ಅಪಾ ನೋಡಿದ್ರೆ... ನೊಂದ್ಕೋತಾಳೆ.”

“ಅವ್ರಿಗೆ ಜರ್ಮನ್ ಓದಕ್ಕೆ ಬರತ್ತಾ?”

“ಬರಲ್ಲ. ಆದ್ರೆ ಕೇಳ್ತಾಳೆ. ಅವಳು ಕೇಳದೇ ಬಿಡೋ ಹೆಂಗಸಲ್ಲ.”

“ಕೇಳಿದ್ರೆ ಹೇಳು. ದೇವರ ವಾಕ್ಯ ಹೇಳಕ್ಕೆ ಎಂಥ ನಾಚಿಕೆ?” ನೇಟಾ ಆಗಲೇ ಮಗನ ಕೈಗೆ ಸುತ್ತಿಗೆ ಕೊಟ್ಟಾಗಿತ್ತು. ಸೋಫಾದ ಮೇಲುಗಡೆ, ಕೂತವರ ಕಣ್ಣಿನ ಮಟ್ಟಕ್ಕೆ ಮೊಳೆ ಬಿತ್ತು.

ಅತ್ತೆ ಹೋದ ಮೇಲೆ ಯಾಶ್ ಉಪಾಯ ಹೇಳಿದ. “‘ದೇವರು ಒಳ್ಳೆಯವನು’ ಅಂತ ಬರೆದಿದೆ ಅಂದ್ಬಿಡು. ಸುಳ್ಳೂ ಅಲ್ಲ.”

“ನಿಮ್ಮಮ್ಮಂಗೆ ಕಿರ್ಗಿಜ್ ಮಾತು ನನಗಿಂತ ಚೆನ್ನಾಗಿ ಬರತ್ತೆ. ಎದುರಿಗೇ ಕೂತಿರ್ತಾರೆ.”

“ಹಾಗಾದ್ರೆ ದೇವರೇ ಗತಿ,” ಎಂದ ಯಾಶ್. ಗಂಡಸರು ಇಂಥ ಹೊತ್ತಿನಲ್ಲಿ ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ.

ಗುರುವಾರ ಬಾತ್ಮಾ ಬಂದಳು. ಗಿಡ್ಡನೆಯ ಹೆಂಗಸು, ಬಿಳಿ ತಲೆವಸ್ತ್ರ, ಕೈಯಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್ ತುಂಬಿದ ಚೀಲ. ಮಗಳನ್ನು ಅಪ್ಪಿಕೊಳ್ಳಲಿಲ್ಲ. ಕೆನ್ನೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿ, “ಬಡವಾಗಿದೀಯ,” ಎಂದಳು. ಜಿಪಾರ್ ದಪ್ಪಗಾಗಿದ್ದಳು. ಆದರೂ ಆ ಒರಟು ಬೆರಳು ತಾಗಿದ್ದಕ್ಕೇ ಅವಳು ಕೆನ್ನೆಯನ್ನು ಹಾಗೇ ಒಡ್ಡಿ ನಿಂತಳು.

ನೇಟಾ ಎದುರಾದಳು. ಬೀಗಿತ್ತಿಯರಿಬ್ಬರೂ ಒಬ್ಬರನ್ನೊಬ್ಬರು ಸಂತೆಯಲ್ಲಿ ಹಸು ನೋಡುವಂತೆ ನೋಡಿಕೊಂಡರು.

“ಬನ್ನಿ ಕುದಗಿ, ಮೇಲುಗಡೆ ಕೂತ್ಕೊಳ್ಳಿ,” ಎಂದು ನೇಟಾ ಬೀಗಿತ್ತಿಗೆ ಸಲ್ಲುವ ಮಾತಿನಲ್ಲೇ ಕರೆದು ಸೋಫಾ ತೋರಿಸಿದಳು.

ಬಾತ್ಮಾ ಸೋಫಾದವರೆಗೆ ಹೋದವಳು ಗೋಡೆ ನೋಡಿ ನಿಂತಳು. ಹತ್ತಿರ ಹೋದಳು. ಗೋಧಿ ತೆನೆಯ ಮೇಲೆ ಬೆರಳಾಡಿಸಿದಳು.

“ಇದನ್ನ ಮಾಡಿದ್ದು ಯಾರು?”

“ನಾನು.”

“ಹೊಳೆಯೋದು ಏನು, ಬೆಳ್ಳಿಯಾ?”

“ಚಾಕೊಲೇಟ್ ಕಾಗದ.”

ಬಾತ್ಮಾ ಗಟ್ಟಿಯಾಗಿ ನಕ್ಕಳು. “ತಿಂದವರ್‍ಯಾರೋ, ಹೊಳೆದಿದ್ದು ಇಲ್ಲಿ! ಕೈ ಚೆನ್ನಾಗಿದೆ ಕುದಗಿ. ನಾನೂ ಗೋಡೆಗೆ ಕಸೂತಿ ಹಾಕ್ತೀನಿ. ಇಷ್ಟು ಸಣ್ಣ ಕಾಳು ನನ್ನ ಸೂಜಿಗೂ ಸಿಗಲ್ಲ.” ಕೈ ಬಲ್ಲವಳೇ ಕೈಯನ್ನು ಹೊಗಳಿದರೆ ಅದರ ರುಚಿಯೇ ಬೇರೆ. ನೇಟಾ ಕಿವಿಯವರೆಗೂ ಕೆಂಪಾದಳು. ಜಿಪಾರ್ ಉಸಿರು ಬಿಟ್ಟಳು.

“ಇದು ನಿಮ್ಮ ದೇವರ ಮಾತು ತಾನೆ?” ಎಂದಳು ಬಾತ್ಮಾ.

“ಹೌದು.”

“ಮತ್ತೆ ಸೋಫಾಕ್ಕೆ ಒರಗಿದೋರ ತಲೆ ಎಣ್ಣೆ ತಾಗೋ ಹಾಗೆ ಹಾಕಿದೀರಲ್ಲ! ನಮ್ಮಲ್ಲಿ ದೇವರ ಮಾತು ನಿಂತವರ ತಲೆಗಿಂತ ಮೇಲಿರತ್ತೆ. ನಾನಂತೂ ಇದರ ಕೆಳಗೆ ಕೂರಲ್ಲ.”

ನೇಟಾಳ ಗಾಜು ಎಲ್ಲಿ ಇರಬೇಕೆಂದು ಈವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ. ಜಿಪಾರ್ ಕಣ್ಣು ಮುಚ್ಚಿಕೊಂಡಳು. ನೇಟಾ ಹಿಂದೆ ಸರಿದು ತಲೆ ವಾಲಿಸಿ ನೋಡಿದಳು. ಜಮಖಾನದ ಹಿಂದೆ ಅಡಗಿಸಬೇಕಾಗಿದ್ದ ಕಾಲದ ಎತ್ತರವೇ ಅವಳ ಕೈಗೆ ರೂಢಿಯಾಗಿಬಿಟ್ಟಿತ್ತು.

“ಹೌದಲ್ವಾ,” ಎಂದಳು. “ಯಾಶ್, ಸುತ್ತಿಗೆ ತಗೊಂಬಾ.”

ಯಾಶ್ ಸೋಫಾದ ಮೇಲೆ ಹತ್ತಿದ. ಬಾತ್ಮಾ ಕೆಳಗೆ ನಿಂತು ಯಜಮಾನಿಕೆ ಮಾಡಿದಳು. “ಮೇಲೆ. ಇನ್ನೂ ಮೇಲೆ. ಎಡಕ್ಕೆ ಅಳಿಯಂದಿರೇ, ಎಡ ಅಂದ್ರೆ ನಿಮ್ಮಲ್ಲಿ ಯಾವ ಕಡೆ? ಹಾಂ, ಅಲ್ಲಿ.” ಮೂರು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ಅಳಿಯ ಎಂಬ ಮಾತು ಬಂದಿತ್ತು. ಆಕೆಯೇ ತಲೆವಸ್ತ್ರದ ತುದಿಯಿಂದ ಗಾಜಿನ ಧೂಳು ಒರೆಸಿ, ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ಗಾಜು ಮೇಲೇರಿತು. ಕಿಟಕಿಯ ಬೆಳಕು ಈಗ ನೇರವಾಗಿ ಅದರ ಮೇಲೆ ಬಿದ್ದು ಇಡೀ ನಡುಮನೆಗೆ ಕಳೆ ಬಂತು.

ಬಾತ್ಮಾ ತೃಪ್ತಿಯಿಂದ ಅದರ ಕೆಳಗೆ ಕೂತಳು. ಚಹಾದ ಬಟ್ಟಲು ಕೈಗೆತ್ತಿಕೊಂಡಳು.

“ಈಗ ಹೇಳು ಮಗಳೇ, ನಾನು ಮೇಲೇರಿಸಿದ್ದು ಏನು? ಏನು ಬರೆದಿದೆ?”

ಯಾಶ್ ಕೆಮ್ಮಿದ. “ಅದೇ, ದೇವರು ಒಳ್ಳೆ...”

“ನಿಮ್ಮನ್ನಲ್ಲ ಅಳಿಯಂದಿರೇ.”

ಜಿಪಾರ್ ಅತ್ತೆಯ ಕಡೆ ನೋಡಲಿಲ್ಲ. ಸುಳ್ಳು ಹೇಳಿ ತೆರೆಸಿದ ತವರಿನ ಬಾಗಿಲಲ್ಲಿ ತಲೆಯೆತ್ತಿ ಹೋಗುವುದು ಹೇಗೆ ಎನ್ನಿಸಿತು ಅವಳಿಗೆ. ನಿಂತಲ್ಲೇ ನಿಂತು, ತಾಯಿಯ ಮಾತಿನಲ್ಲಿ, ಒಂದಕ್ಷರ ಬಿಡದೆ ಹೇಳಿದಳು. ನಿನ್ನವರೇ ನನ್ನವರು ಎನ್ನುವಾಗ ಮೇಜಿನ ಅಂಚು ಹಿಡಿದುಕೊಂಡಳು, ಆದರೂ ಮುಗಿಸಿದಳು. ಹೆದರಿಕೊಂಡೇ ನಿಜ ಹೇಳುವವರ ಧೈರ್ಯ ದೊಡ್ಡದು.

ಬಾತ್ಮಾ ಚಹಾದ ಬಟ್ಟಲನ್ನು ಮೇಜಿನ ಮೇಲಿಟ್ಟಳು.

“ಹೀಗಂದಿದ್ದು ಯಾರು?”

“ಒಬ್ಬ ಸೊಸೆ,” ಎಂದಳು ನೇಟಾ. “ಬೇರೆ ಜನದವಳು. ಗಂಡ ಸತ್ತಿದ್ದ. ಅತ್ತೆಗೆ ಹೇಳಿದ ಮಾತು. ನಮ್ಮ ಗ್ರಂಥದಲ್ಲಿ ಇಂಥ ಸೊಸೆ ಇನ್ನೊಬ್ಬಳಿಲ್ಲ ಕುದಗಿ. ಅದಕ್ಕೇ ನಿಮ್ಮ ಮಗಳಿಗೆ...”

“ಆ ಹುಡುಗಿಗೆ ತಾಯಿ ಇರ್ಲಿಲ್ವಾ?”

ನೇಟಾಳಿಗೆ ಗ್ರಂಥ ಬಾಯಿಪಾಠ. ತಡವರಿಸಿದ್ದನ್ನು ಯಾರೂ ಕಂಡಿರಲಿಲ್ಲ. ಈಗ ತಡವರಿಸಿದಳು.

“ಇದ್ದಳು.”

“ಹೆಸರು?”

“ಬರೆದಿಲ್ಲ.”

“ಮಗಳು ಹೋದಾಗ ಅವಳೇನಂದಳು?”

“ಅದೂ ಬರೆದಿಲ್ಲ.”

“ಬರೆಯಲ್ಲ,” ಎಂದಳು ಬಾತ್ಮಾ. “ಹೆತ್ತವಳ ಮಾತು ಯಾರು ಬರೀತಾರೆ?” ಚೀಲದ ಕಡೆ ಕೈ ಚಾಚಿದಳು, ಹೊರಡುವವಳ ಹಾಗೆ. ಜಿಪಾರಳಿಗೆ ಎಲ್ಲ ಮುಗಿಯಿತು ಅನ್ನಿಸಿತು.

“ನಿಲ್ಲಿ ಕುದಗಿ,” ಎಂದಳು ನೇಟಾ. ಮುಖ ಬಿಳುಚಿಕೊಂಡಿತ್ತು. “ತಾಯಿಯ ವಿಷಯ ಬಂದಿದೆ. ಇದಕ್ಕೆ ಮೊದಲೇ ಬಂದಿದೆ. ಆ ಅತ್ತೆ ತನ್ನ ಇಬ್ಬರು ಸೊಸೆಯಂದಿರಿಗೆ ಹೇಳ್ತಾಳೆ, ನಿಮ್ಮ ನಿಮ್ಮ ತಾಯಿ ಮನೆಗೆ ಹೋಗಿ ಅಂತ. ಒಂದ್ಸಲ ಅಲ್ಲ. ಮೂರು ಸಲ ಹೇಳ್ತಾಳೆ. ಅಷ್ಟು ಹೇಳಿದ ಮೇಲೇ ಹುಡುಗಿ ಈ ಮಾತು ಆಡೋದು.”

ಬಾತ್ಮಾ ಚೀಲ ಬಿಟ್ಟಳು.

“ಒಳ್ಳೆ ಹೆಂಗಸು ಆ ಅತ್ತೆ. ನೀವೆಷ್ಟು ಸಲ ಹೇಳಿದ್ರಿ ಕುದಗಿ?”

ಜೀವಮಾನದಲ್ಲಿ ಯಾರ ಮುಂದೆಯೂ ತಪ್ಪೊಪ್ಪಿಕೊಳ್ಳದ ಹೆಂಗಸು ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು.

“ಒಂದ್ಸಲವೂ ಇಲ್ಲ. ಅತ್ತೆಗೆ ಹಿತವಾದ ಅರ್ಧ ಮಾತ್ರ ಬರೆದೆ ನಾನು. ತಪ್ಪಾಯ್ತು. ನಾನೇ ನಿಮ್ಮ ಮನೆಗೆ ಬಂದು ಹೇಳಬೇಕಿತ್ತು.”

ಎದ್ದವಳು ಗಾಜನ್ನು ಇಳಿಸಲು ಸೋಫಾದ ಮೇಲೆ ಕಾಲಿಟ್ಟಳು. ಬಾತ್ಮಾ ಅವಳ ಸೆರಗು ಹಿಡಿದಂತೆ ಏಪ್ರನ್ನಿನ ತುದಿ ಹಿಡಿದು ಜಗ್ಗಿದಳು.

“ಇಳೀರಿ, ಬಿದ್ದೀರಿ! ಕೊಟ್ಟ ಮಾತು, ಏರಿಸಿದ ಮಾತು, ಅಲ್ಲೇ ಇರಲಿ. ನನ್ನ ಮಗಳು ಇಂಥವಳು ಅಂತ ಇಷ್ಟು ಚೆಂದ ಬರೆದೋರು ಯಾರಿದಾರೆ? ಬರೀದೇ ಬಿಟ್ಟಿದ್ದನ್ನ ಬಾಯಲ್ಲಿ ಹೇಳಿ. ನಾನು ಕೇಳಬೇಕು.”

ನೇಟಾ ಇಳಿದು ಸೊಸೆಯ ಎದುರು ನಿಂತಳು. ಕಿರ್ಗಿಜ್ ಮಾತಿನಲ್ಲೇ ಹೇಳಿದಳು.

“ಜಿಪಾರ್, ತಾಯಿ ಮನೆಗೆ ಹೋಗಮ್ಮ.”

“ಒಂದು,” ಎಂದಳು ಬಾತ್ಮಾ. ತಲೆವಸ್ತ್ರದಿಂದ ಮೂಗು ಒರೆಸಿಕೊಂಡಳು. “ಬರಿಗೈಲಿ ಕಳಿಸಬೇಡಿ, ಊರು ನೋಡತ್ತೆ. ಮದುವೆಗೆ ನೀವೂ ಬರಬೇಕು.”

“ಬರ್ತೀನಿ. ತಾಯಿ ಮನೆಗೆ ಹೋಗು, ಮಗಳೇ.”

ಗ್ರಂಥದ ಸೊಸೆ ಎಷ್ಟು ಹೇಳಿದರೂ ಹೋಗಲಿಲ್ಲ. ಜಿಪಾರ್ ಮೂರನೆಯ ಸಲ ಕೇಳುವಷ್ಟು ಹೊತ್ತು ನಿಲ್ಲಲೇ ಇಲ್ಲ, ಬಾಗಿಲ ಹಿಂದೆ ಕೋಟು ಹುಡುಕುತ್ತಿದ್ದಳು.