ಹೂಂ ಅನ್ನದ ಗಳಿಗೆ

ಮಾತಾಡುವವರ ನಡುವೆ ಬಾಯಿ ಹಾಕುವುದಿಲ್ಲ ಎಂದು ಅನ್ನಪೂರ್ಣೇಶ್ವರಿ ತನ್ನ ಹನ್ನೆರಡನೇ ವಯಸ್ಸಿನಲ್ಲಿ ಅಪ್ಪನ ಕೈಯಲ್ಲಿ ಕೈಯಿಟ್ಟು ಮಾತು ಕೊಟ್ಟಿದ್ದಳು. ಅಪ್ಪ ಅಜ್ಜಪ್ಪ ಅಸೂಟಿಯ ಊರಕಟ್ಟೆಯಲ್ಲಿ ನ್ಯಾಯ ಹೇಳುವ ಹಿರಿಯ. ಒಮ್ಮೆ ಒಬ್ಬ ವಿಧವೆಯ ಮಾತನ್ನು ಅರ್ಧಕ್ಕೇ ತಡೆದು ತೀರ್ಪು ಕೊಟ್ಟುಬಿಟ್ಟ. ಆಕೆ ಮತ್ತೆಂದೂ ಕಟ್ಟೆಯ ಕಡೆ ಬರಲಿಲ್ಲ. ಆ ಸಂಕಟಕ್ಕೇ ಮಗಳಿಂದ ಮಾತು ತೆಗೆದುಕೊಂಡಿದ್ದ.

ಈಗ ಅನ್ನಪೂರ್ಣೇಶ್ವರಿಗೆ ಕೇಳುವುದೇ ಕೆಲಸ. ರೋಣದ ಸಣ್ಣ ಕಚೇರಿಯಲ್ಲಿ ಮಹಿಳಾ ಸಂಘದವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಅವರ ತೊಡಕನ್ನು ಅವರಿಂದಲೇ ಬಿಡಿಸುವುದು.

ಲಕ್ಕಲಕಟ್ಟಿಯ ಕಳಕವ್ವನಿಗೆ ರೊಟ್ಟಿ ಸಂಘದ ಹೆಂಗಸರು ಅಧ್ಯಕ್ಷೆ ಆಗೆಂದು ಗಂಟುಬಿದ್ದಿದ್ದರು. ಐದು ವಾರ ಬಂದು ಆಕೆ ಹೇಳಿದ್ದು ನೆಗೆಣ್ಣಿಯ, ಅಂದರೆ ಓರಗಿತ್ತಿಯ, ಸಿಟ್ಟು, ಎಮ್ಮೆಯ ಕುಂಟು ಕಾಲು. ಅನ್ನಪೂರ್ಣೇಶ್ವರಿ ಉಸಿರಿಗೊಮ್ಮೆ ಹೂಂ ಅಂದಿದ್ದಳು. ಹೂಂ ಅನ್ನದಿದ್ದರೆ ಈ ಕಡೆ ಕೇಳಿದಂತೆಯೇ ಅಲ್ಲ.

ಈ ಕೆಲಸ ಕಲಿಸಿದ ನರಗುಂದದ ಪ್ರಭುಲಿಂಗಪ್ಪ ಇದನ್ನು ಕೇಳಿ ಫೋನಿನಲ್ಲಿ ನಕ್ಕರು.

"ತಂಗಿ, ನೀ ಹೂಂ ಅಂದಷ್ಟೂ ಆಕಿ ಬಂಡಿ ಹೊಡೀತಾಳ. ಹೂಂ ಬಿಡು. ಉಸಿರು ತಗೊಳ್ಳೋ ಜಾಗಾ ನೋಡಿ ಹೆಸರ ಹಿಡದ ಕರೀ. ತಡೀಲೇನು ಅಂತ ಕೇಳಿ ತಡೀ. ಆಮ್ಯಾಲ ಆಕಿ ಮಾತ ಆಕಿಗೇ ಕೊಡು."

"ನಮ್ಮಪ್ಪಗ ಮಾತು ಕೊಟ್ಟೀನ್ರೀ ಸರ್." ಕಟ್ಟೆಯ ಆ ಕತೆಯನ್ನು ಅವರಿಗೆ ಹಿಂದೆಯೇ ಹೇಳಿದ್ದಳು.

"ನಿಮ್ಮಪ್ಪ ತಾ ಮಾತಾಡಾಕ ತಡದ. ನೀ ಯಾಕ ತಡೀತಿ, ಅದನ್ನ ನೋಡ್ಕೋ."

ಆರನೆಯದೇ ಕೊನೆಯ ಭೇಟಿ. ಮರುದಿನ ಸಂಘಕ್ಕೆ ಉತ್ತರ ಹೇಳಬೇಕು. ಅನ್ನಪೂರ್ಣೇಶ್ವರಿಯಿಂದ ಒಂದು ಹೂಂ ಕೂಡ ಬರದೆ, ಕಳಕವ್ವ ಅರ್ಧ ತಾಸು ಹೇಳಿ ಥಟ್ಟನೆ ಮಾತು ನಿಲ್ಲಿಸಿದಳು.

"ಹೂಂ ಅನ್ರೀ ಅಕ್ಕಾರ! ಗ್ವಾಡಿ ಜೋಡಿ ಮಾತಾಡಿದಂಗ ಆಗಾಕತ್ತೈತಿ."

"ಕೇಳಾಕತ್ತೀನ್ರಿ."

"ಮತ್ತ, ನಮ್ಮ ನೆಗೆಣ್ಣಿ ಹತ್ತನೇತ್ತ ಓದಿದಾಕಿ, ಆಕಿನ್ನ ಮಾಡ್ರಿ ಅಂದೆ, ನನಗೇನ್ ಬರತೈತಿ! ಆಕಿ ಎಮ್ಮಿ ಹಿಂಡೂದ ನೋಡಬೇಕ ನೀವು..."

ಕಳಕವ್ವ ಉಸಿರು ಎಳೆದುಕೊಂಡಳು.

"ಕಳಕವ್ವಾರ," ಅನ್ನಪೂರ್ಣೇಶ್ವರಿ ಕರೆದಳು, "ಇಲ್ಲೇ ತಡೀಲೇನ್ರಿ? ಎಮ್ಮಿ ಆಮ್ಯಾಲ ಕೇಳತೀನಿ. ‘ನನಗೇನ್ ಬರತೈತಿ’ ಅಂತ ಪ್ರತಿ ವಾರ ಅಂತೀರಿ. ಏನ್ ಬರೂದಿಲ್ರಿ?"

ಕಳಕವ್ವನ ಮುಖ ಇಳಿಯಿತು. ಸೆರಗು ಎಳೆದುಕೊಂಡು ಅರ್ಧ ಎದ್ದಳು. ಅಪ್ಪನ ಕಟ್ಟೆಯಿಂದ ಎದ್ದುಹೋದ ಆ ವಿಧವೆ ಹೀಗೇ ಎದ್ದಿರಬೇಕು. ಏನಾದರೂ ಹೇಳಿ ಕೂರಿಸಲೇ ಎಂದು ನಾಲಿಗೆ ತುದಿಗೆ ಬಂದದ್ದನ್ನು ಅನ್ನಪೂರ್ಣೇಶ್ವರಿ ನುಂಗಿಕೊಂಡಳು.

ಕಳಕವ್ವ ಕೂತಳು.

"ಓದಾಕ ಬರೂದಿಲ್ರೀ. ಸಹಿ ಅಷ್ಟ ಬರತೈತಿ. ಏನ್ ಬರದೈತಿ ತಿಳೀಲಾರದ ಕಾಗದಕ್ಕ ಸಹಿ ಹಾಕಿ ಹದಿನೈದು ಮಂದಿ ಸಂಸಾರ ಕೆಡಸಲೇನು?"

"ಅವರಿಗೆ ಹೇಳೀರೇನ್ರಿ?"

"ಯಾರಿಗೂ ಹೇಳಿಲ್ಲ. ನೀವೂ ಕೇಳಿದ್ದ ಇವತ್ತ."

ಕಳಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸಹಿಗೆ ಮೊದಲ ಕಾಗದಾ ಯಾರರ ಎಲ್ಲಾರ ಮುಂದ ಗಟ್ಟಿಯಾಗಿ ಓದಬೇಕು. ಹಂಗಂದ್ರ ನಾ ಆಗ್ತೀನಿ. ನಾಳೆ ಹಿಂಗ ಹೇಳತೀನಿ, ನಕ್ಕರ ನಗಲಿ."

ಗಜೇಂದ್ರಗಡದ ಬಸ್ಸಿಗೆ ಹೊತ್ತಾಯಿತೆಂದು ಆಕೆ ಹೊರಟಳು. ಅಪ್ಪನಿಗೆ ಕೊಟ್ಟ ಮಾತನ್ನು ಅನ್ನಪೂರ್ಣೇಶ್ವರಿ ಮುರಿದಿದ್ದಳು; ಆದರೆ ಎದುರಿನವಳ ಮಾತು ಅರ್ಧಕ್ಕೇ ನಿಂತಿರಲಿಲ್ಲ.