ಅಪ್ಪ ಹಾಕಿಸಿದ ಟೈರು

ಯಾವ ಬೀದಿಗೆ ಹೋದರೂ ಇಂಥವರು ಒಬ್ಬರಾದರೂ ಸಿಗುತ್ತಾರೆ. ರಜೆ ಬಂತೆಂದರೆ ಸಾಕು, ಮನೆಯ ಮುಂದೆ ಹಳೆಯ ಬೈಕು, ಅದರ ಸುತ್ತ ಹಳೆಯ ಬಟ್ಟೆಯ ಮೇಲೆ ಹರಡಿದ ನಟ್ಟು ಬೋಲ್ಟು, ಮೊಣಕೈವರೆಗೆ ಗ್ರೀಸು. ಊಟಕ್ಕೆ ಕರೆದರೆ "ಇದೊಂದು ಬಿಗಿದು ಬಂದೆ" ಎನ್ನುತ್ತಾರೆ. ಆ ಒಂದನ್ನು ಬಿಗಿಯುವಷ್ಟರಲ್ಲಿ ಊಟ ತಣ್ಣಗಾಗಿರುತ್ತದೆ.

ನಮ್ಮ ಟೈಲರ್ ಮಾಸ್ಟರ್ ಅಂಥವರಲ್ಲೊಬ್ಬ. ಅವನ ಬೈಕು ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಅದು ಹಿತ್ತಲಿನ ಶೆಡ್ಡಿನಲ್ಲಿ ಮುಸುಕು ಹಾಕಿಕೊಂಡು ನಿಂತುಬಿಟ್ಟಿತ್ತು. ಮಾಸ್ಟರ್ ಅದನ್ನು ಹೊರಗೆಳೆದು, ಒಂದೊಂದೇ ಭಾನುವಾರ ಒಂದೊಂದೇ ಭಾಗ ಬಿಚ್ಚಿ ಹೊಸದು ಮಾಡುತ್ತಾ ಬಂದ. ಎಂಜಿನ್ ರಿಪೇರಿ ಮಾಡಿಸಿದ, ಕಾರ್ಬುರೇಟರ್ ಬದಲಿಸಿದ, ಬ್ರೇಕಿಗೆ ಹೊಸ ಶೂ ಹಾಕಿದ, ಟ್ಯಾಂಕಿಗೆ ಕಡುಹಸಿರು ಬಣ್ಣ ಹೊಡೆಸಿದ. ಸೀಟನ್ನಂತೂ ತನ್ನ ಮಿಷನ್ನಿನಲ್ಲೇ ಎರಡೆರಡು ಹೊಲಿಗೆ ಹಾಕಿ ಹೊಲಿದ. ಬಟ್ಟೆ ಅಳತೆ ಕೊಡಲು ಬಂದವರು ಮೊದಲು ಸೀಟು ಮುಟ್ಟಿ ನೋಡಿ ಆಮೇಲೆ ಅಳತೆ ಕೊಡುತ್ತಿದ್ದರು. ಮಾಸ್ಟರ್ ಆಗ ಉಬ್ಬಿಹೋಗುತ್ತಿದ್ದ.

ಹೆಂಡತಿ ಮಾತ್ರ ಬೈಕನ್ನು "ನನ್ನ ಸವತಿ" ಎಂದೇ ಕರೆಯುತ್ತಿದ್ದಳು. ಅವಳ ಮುನಿಸು ಇಳಿಸಲು ಮಾಸ್ಟರ್ ಮಾತು ಕೊಟ್ಟಿದ್ದ. ಬೈಕು ಸಿದ್ಧವಾದ ಮೊದಲ ಭಾನುವಾರ ಅವಳನ್ನು ಹಿಂದೆ ಕೂರಿಸಿಕೊಂಡು ಗುಡ್ಡದ ದಾರಿಯಲ್ಲಿ ಅವಳ ತವರಿಗೆ ಹೋಗಿಬರುವುದು ಎಂದು. ಅವಳು ಹೆಲ್ಮೆಟ್ ಕೂಡ ಕೊಂಡು ತಂದಿದ್ದಳು.

ಆ ಭಾನುವಾರಕ್ಕೆ ಒಂದು ದಿನ ಇರುವಾಗ ಮಾಸ್ಟರಿನ ಅಕ್ಕ ಬೈಕು ನೋಡಲು ಬಂದಳು. ಅಕ್ಕನಿಗೆ ಬಸ್ ಡಿಪೋದಲ್ಲಿ ಟೈರು ವಿಭಾಗದ ಕೆಲಸ. ಅಲ್ಲಿ ಎಲ್ಲರೂ ಅವಳನ್ನು ಟೈರಕ್ಕ ಎನ್ನುತ್ತಾರೆ. ಅವಳು ಬಂದ ಹೊತ್ತಿಗೆ ಮಾಸ್ಟರ್ ಬೀದಿಯಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದ. ಪಕ್ಕದ ಮನೆಯವರು ಅಂಗಳ ತೊಳೆದ ನೀರು ರಸ್ತೆಗೆ ಹರಿದಿತ್ತು. ಅಲ್ಲಿ ಬ್ರೇಕು ಹಾಕಿದ್ದೇ ತಡ, ಹಿಂದಿನ ಗಾಲಿ ಪಕ್ಕಕ್ಕೆ ಜಾರಿತು. ಮಾಸ್ಟರ್ ಕಾಲೂರಿ ಹೇಗೋ ಸಾವರಿಸಿಕೊಂಡ.

"ನೀರಿತ್ತು ಅಷ್ಟೇ" ಎಂದ, ಯಾರೂ ಕೇಳುವ ಮುಂಚೆಯೇ.

ಅಕ್ಕ ಟ್ಯಾಂಕು ನೋಡಲಿಲ್ಲ, ಸೀಟು ಮುಟ್ಟಲಿಲ್ಲ. ಸೀದಾ ಹಿಂದಿನ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಟೈರು ಬದಲಾಯಿಸಿಲ್ವಾ?"

"ಯಾಕೆ ಬದಲಾಯಿಸ್ಲಿ? ಅಪ್ಪ ಹಾಕಿಸಿದ್ದು. ಆಮೇಲೆ ಅಪ್ಪ ಹಾಸಿಗೆ ಹಿಡಿದ್ರು, ಬೈಕು ಓಡ್ಲೇ ಇಲ್ಲ. ಟೈರಿನ ಗೆರೆ ನೋಡು, ಸವೆದೇ ಇಲ್ಲ, ಹೊಸದರ ಹಾಗೇ ಇದೆ."

"ಗೆರೆ ಇದೆ. ರಬ್ಬರ್ ಎಲ್ಲಿದೆ?"

ಮಾಸ್ಟರಿಗೆ ಒಳಗೊಳಗೇ ಸಿಟ್ಟು ಬಂತು. ಆ ಟೈರನ್ನು ಅವನು ಸೋಪು ಹಾಕಿ ತೊಳೆದು, ಪಾಲಿಶ್ ಹಚ್ಚಿ, ಮಿರಮಿರ ಮಿಂಚುವಂತೆ ಮಾಡಿದ್ದ. ಬೈಕಿನಲ್ಲಿ ಮಿಕ್ಕಿದ್ದೆಲ್ಲ ತನ್ನ ಕೈಯದು, ಟೈರು ಮಾತ್ರ ಅಪ್ಪನದು ಎಂದು ಬೇಕೆಂದೇ ಉಳಿಸಿಕೊಂಡಿದ್ದ.

"ನಿನ್ನ ಬಸ್ಸಿನ ಲೆಕ್ಕ ಇಲ್ಲಿ ಹಾಕಬೇಡ ಅಕ್ಕ. ಬಸ್ಸು ದಿನಾ ಓಡುತ್ತೆ, ಟೈರು ಸವೆಯುತ್ತೆ. ಇದು ನೆರಳಲ್ಲಿ ನಿಂತಿದ್ದು."

"ನಿಂತರೂ ರಬ್ಬರಿಗೆ ವಯಸ್ಸಾಗುತ್ತೆ ಕಣೋ. ಇಲ್ಲಿ ನೋಡು." ಅಕ್ಕ ಟೈರಿನ ಬದಿಯಲ್ಲಿ ಬೆರಳಿಟ್ಟಳು. "ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇದೆಯಲ್ಲ, ಇದು ಟೈರಿನ ಜಾತಕ. ಮೊದಲೆರಡು ಅಂಕಿ ಎಷ್ಟನೇ ವಾರ, ಕೊನೆಯೆರಡು ಯಾವ ವರ್ಷ. ಲೆಕ್ಕ ಹಾಕು."

ಮಾಸ್ಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹದಿನೈದು ವರ್ಷಕ್ಕೂ ಮೇಲಾಗಿತ್ತು.

"ಇದು ತಯಾರಾದಾಗ ನಿನಗೆ ಇನ್ನೂ ಮೀಸೆ ಚಿಗುರ್ತಿತ್ತು. ಐದು ವರ್ಷ ದಾಟಿದ ಟೈರನ್ನ ವರ್ಷಕ್ಕೊಂದು ಸಲ ತಿಳಿದವರಿಗೆ ತೋರಿಸಬೇಕು. ಹತ್ತು ವರ್ಷ ಆಯ್ತೋ, ಎಷ್ಟೇ ಚೆನ್ನಾಗಿ ಕಂಡ್ರೂ ತೆಗೆದುಬಿಡಬೇಕು. ರಬ್ಬರ್ ಗಟ್ಟಿಯಾಗಿ ಹಿಡಿತ ಹೋಗಿರುತ್ತೆ. ಬ್ರೇಕ್ ಹೊಸದಿದ್ರೆ ಏನು ಬಂತು? ಬ್ರೇಕ್ ಗಾಲಿ ನಿಲ್ಲಿಸುತ್ತೆ. ಬೈಕ್ ನಿಲ್ಲಿಸೋದು ಟೈರು."

ಅಕ್ಕ ಗೆರೆಯೊಂದನ್ನು ಎರಡು ಹೆಬ್ಬೆರಳಿನಿಂದ ಒತ್ತಿ ಅಗಲಿಸಿದಳು. ಪಾಲಿಶಿನ ಅಡಿಯಲ್ಲಿ, ಗೆರೆಯ ಬುಡದುದ್ದಕ್ಕೂ ಕೂದಲೆಳೆಯಂಥ ಬಿರುಕುಗಳು ಕಂಡವು. ಮಾಸ್ಟರ್ ಉಗುರು ಊರಿ ನೋಡಿದ. ಹಲಗೆಯ ಮೇಲೆ ಊರಿದಂತಾಯಿತು, ಗುರುತೇ ಬೀಳಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ ಬಾಯಿ ಹಾಕಿದಳು. "ರೀ, ಮೊನ್ನೆ ಒಬ್ಬರು ಪೆಟ್ಟಿಗೆಯಲ್ಲಿಟ್ಟಿದ್ದ ಪೈಜಾಮ ತಂದಿದ್ರಲ್ಲ, ಹಾಕೇ ಇಲ್ಲ, ಎಲಾಸ್ಟಿಕ್ ಹೇಗೆ ಹೋಯ್ತು ಅಂತ. ನೀವೇನು ಹೇಳಿದ್ರಿ?"

ಮಾಸ್ಟರ್ ಬಟ್ಟೆ ತೆಗೆದು ಟ್ಯಾಂಕು ಒರೆಸತೊಡಗಿದ.

"ಹಾಕದಿದ್ರೂ ಎಲಾಸ್ಟಿಕ್ ಸಾಯುತ್ತೆ ಸ್ವಾಮಿ, ಅಂದ್ರಿ. ಅತ್ತಿಗೆ ಹೇಳ್ತಿರೋದೂ ಅದೇ ತಾನೆ?"

"ಪೈಜಾಮ ಬೇರೆ, ಇದು ಬೇರೆ."

"ಬೇರೇನೇ. ಪೈಜಾಮ ಜಾರಿದ್ರೆ ಮಾನ ಹೋಗುತ್ತೆ ಅಷ್ಟೇ."

ಅಕ್ಕ ನಕ್ಕುಬಿಟ್ಟಳು. ಮಾಸ್ಟರಿಗೆ ನಗು ಬರಲಿಲ್ಲ. ಅವನಿಗೆ ನಿಜವಾಗಿಯೂ ನೋವಾಗಿತ್ತು. "ಅಪ್ಪನ ಕೈ ತಾಗಿದ್ದು ಇದೊಂದೇ ಉಳಿದಿರೋದು ಅಕ್ಕ" ಎಂದ, ನೆಲ ನೋಡುತ್ತಾ.

ಅಕ್ಕ ಅವನ ಪಕ್ಕಕ್ಕೆ ಸರಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಇದನ್ನ ಹಾಕಿಸಿದ ದಿನ ನಾನು ಜೊತೇಲಿದ್ದೆ. ಆಗ ಅಪ್ಪ ನನ್ನ ದಿನಾ ಕಾಲೇಜಿಗೆ ಬಿಡ್ತಿದ್ರು. ಹಳೇ ಟೈರಲ್ಲಿ ಗೆರೆ ಇನ್ನೂ ಇತ್ತು. ಇನ್ನೊಂದು ವರ್ಷ ಓಡುತ್ತಲ್ಲ ಅಪ್ಪ, ಅಂದೆ. ಓಡುತ್ತೆ, ಆದ್ರೆ ಹಿಂದೆ ನೀನು ಕೂತಿರ್ತೀಯಲ್ಲಮ್ಮ, ಅಂದ್ರು. ನೀನು ಅವರು ಹಾಕಿಸಿದ ಟೈರು ಉಳಿಸ್ಕೊಂಡಿದ್ದೀಯ. ಯಾಕೆ ಹಾಕಿಸಿದ್ರು ಅನ್ನೋದನ್ನ ಬಿಟ್ಟಿದ್ದೀಯ."

ಮಾಸ್ಟರ್ ತಲೆಯೆತ್ತಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ಒಮ್ಮೆ ನೋಡಿದ. ನಾಳೆ ಗುಡ್ಡದ ತಿರುವಿನಲ್ಲಿ ತನ್ನ ಹಿಂದೆ ಕೂರುವವಳು ಇವಳು. ಈಗಷ್ಟೇ ಜಾರಿದ ಗಾಲಿಯ ಮೇಲೆಯೇ ಅವಳ ಸೀಟು. ಅದು ಅವನಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

"ಈ ಭಾನುವಾರ ಬೇಡ" ಎಂದ ಹೆಂಡತಿಗೆ. "ಬರೋ ಭಾನುವಾರ ಹೋಗೋಣ."

"ಸವತಿಗೆ ಚಪ್ಪಲಿ ಕೊಡಿಸಿಯೇ ಹೋಗೋಣ" ಎಂದಳು ಅವಳು. ಸಿಟ್ಟೇನೂ ಇರಲಿಲ್ಲ.

ಅಕ್ಕ ಜೊತೆಗೆ ಬಂದು, ಮುಂದಿನದಕ್ಕೂ ಅಷ್ಟೇ ವಯಸ್ಸಾಗಿದೆ ಎಂದು ಎರಡೂ ಗಾಲಿಗೆ ಟೈರು ಕೊಡಿಸಿದಳು. ಮಾಸ್ಟರ್ ನೋಡಲು ಚೆನ್ನಾಗಿದೆ ಎಂದು ದಪ್ಪನೆಯದಕ್ಕೆ ಕೈ ಹಾಕಿದ್ದ. ರಿಮ್ಮಿಗೆ ಹೇಳಿದ ಅಳತೆಯದೇ ಇರಲಿ ಎಂದು ಅಕ್ಕ ಅದನ್ನು ಬಿಡಿಸಿದಳು. ಅಳತೆಯ ಮಾತು ಟೈಲರಿಗೆ ಬೇಗ ಅರ್ಥವಾಯಿತು. ಟ್ಯೂಬುಗಳನ್ನೂ ಹೊಸದು ಹಾಕಿಸಿದರು. ಹಳೆಯ ಟೈರುಗಳನ್ನು ಇಲ್ಲೇ ಬಿಡುತ್ತೀರಾ ಎಂದು ಅಂಗಡಿಯವನು ಕೇಳಿದಾಗ ಮಾಸ್ಟರ್ ಗರಗಸ ಕೇಳಿ ಪಡೆದ. ಗೆರೆ ಚೆನ್ನಾಗಿದೆ ಎಂದು ಇನ್ನೊಬ್ಬರು ಹಾಕಿಕೊಳ್ಳಬಾರದಲ್ಲ. ಅಪ್ಪನ ಟೈರುಗಳನ್ನು ತನ್ನ ಕೈಯಿಂದಲೇ ಕೊಯ್ದ. ಕೊಯ್ಯುವಾಗ ಕಣ್ಣು ಒದ್ದೆಯಾಯಿತು. ಅಕ್ಕ ಇನ್ನೊಂದು ತುದಿ ಹಿಡಿದುಕೊಂಡಿದ್ದಳು.

ಮುಂದಿನ ಭಾನುವಾರ ಗಂಡ ಹೆಂಡತಿ ಹೊರಟರು. ಹೊಸ ಟೈರಿನ ನುಣುಪು ಹೋಗುವವರೆಗೆ ನಿಧಾನ ಎಂದು ಅಕ್ಕ ಹೇಳಿ ಕಳಿಸಿದ್ದಳು. ದಾರಿಯಲ್ಲಿ ಸಣ್ಣ ಮಳೆ ಬಂದು ನಿಂತಿತ್ತು. ಗುಡ್ಡದ ಎರಡನೇ ತಿರುವು ದಾಟಿದರೆ ಎದುರಿಗೇ ಒಂದು ಲಾರಿ ಕೆಟ್ಟು ನಿಂತಿದೆ. ಮಾಸ್ಟರ್ ಎರಡೂ ಬ್ರೇಕು ಹಿಡಿದ. ಬೈಕು ಒಂಚೂರೂ ವಾಲದೆ, ನೆಟ್ಟಗೆ, ಲಾರಿಗೆ ಇನ್ನೂ ಸಾಕಷ್ಟು ದೂರವಿರುವಾಗಲೇ ನಿಂತಿತು. ಅವನ ಎದೆ ಡವಡವ ಎನ್ನುತ್ತಿತ್ತು.

ಹಿಂದೆ ಕೂತವಳು ತನ್ನ ತಂಗಿಯ ಹೊಸ ಮನೆಯ ವಿಷಯ ಹೇಳುತ್ತಿದ್ದಳು. ಹೇಳುತ್ತಲೇ ಇದ್ದಳು. ಬೈಕು ನಿಂತದ್ದೇ ಅವಳ ಗಮನಕ್ಕೆ ಬಂದಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಹಳೆಯ ಬೈಕಿಗೆ ಜೀವ ಕೊಡುವುದು ಒಳ್ಳೆಯ ಹವ್ಯಾಸ, ಖಂಡಿತ ಮಾಡಿ. ಬಣ್ಣ, ಸೀಟು, ದೀಪದ ಆಸೆ ಆಮೇಲೆ ತೀರಿಸಿಕೊಳ್ಳಿ. ಮೊದಲು ಟೈರು, ಬ್ರೇಕು ನೋಡಿ. ಇದನ್ನು ಕೇಳಿ ಮುಗಿಸಿದ ಕೂಡಲೇ ಎದ್ದು ಹೊರಗೆ ಹೋಗಿ, ನಿಮ್ಮ ಗಾಡಿಯ ಟೈರಿನ ಬದಿಯಲ್ಲಿರುವ ಆ ನಾಲ್ಕು ಅಂಕಿಗಳನ್ನು ಓದಿ. ಓದಲು ಬಾರದಿದ್ದರೆ ಮನೆಯಲ್ಲಿ ಓದು ಬಂದವರನ್ನು ಕರೆಯಿರಿ. ನಿಮ್ಮ ಹಿಂದೆ ಕೂರುವವರು ಟೈರು ನೋಡಿ ಕೂರುವುದಿಲ್ಲ, ನಿಮ್ಮನ್ನು ನಂಬಿ ಕೂರುತ್ತಾರೆ.